ಸೋರೆಬುರುಡೆಗಿಲ್ಲದ ನಾಚಿಕೆ

ಹೆಣ್ಣುಮಕ್ಕಳು ಯಾವ ವಾದ್ಯ ಹಿಡಿಯಬೇಕು, ಯಾವುದನ್ನು ಮುಟ್ಟಬಾರದು ಎಂದು ನಮ್ಮ ಕಡೆಯ ಊರುಗಳಲ್ಲಿ ತೀರ್ಮಾನ ಕೊಡುವವರು ಸಾಮಾನ್ಯವಾಗಿ ತಮ್ಮ ಜನ್ಮದಲ್ಲಿ ಒಂದು ವಾದ್ಯವನ್ನೂ ಮುಟ್ಟಿದವರಲ್ಲ. ಆದರೂ ಅವರ ಬಳಿ ಒಂದು ಪಟ್ಟಿ ಸಿದ್ಧವಿರುತ್ತದೆ. ವೀಣೆ ಬಹಳ ಚಲೋ, ಮನೆಗೆ ಲಕ್ಷಣ. ತಂಬೂರಿ ಚಲೋ. ಪೇಟಿ, ಅಂದರೆ ಹಾರ್ಮೋನಿಯಂ, ಭಜನೆಗಾದರೆ ನಡೆಯುತ್ತದೆ. ತಬಲಾ ಎಂದರೆ ಹುಬ್ಬು ಮೇಲೇರುತ್ತದೆ. ಗಿಟಾರ್ ಎಂದರೆ "ಯಾಕವ್ವಾ, ಸಿನಿಮಾಕ್ಕ ಹೋಗಾಕಿ ಏನು?" ಎಂಬ ನಗೆ. ಇನ್ನು ಬೇಸ್ ಗಿಟಾರ್, ಅದರಲ್ಲೂ ಮೈಯೆಲ್ಲ ಚೂಪಾಗಿ ಮೂಲೆಗಳನ್ನು ಮುಂದೆ ಚಾಚಿಕೊಂಡಿರುವ ಬೇಸ್ ಗಿಟಾರ್ ಎಂದರೆ ನಗೆಯೂ ಇಲ್ಲ, ನೇರ ಕೆಂಗಣ್ಣು.

ಈ ಪಟ್ಟಿಯನ್ನು ಬರೆದವರು ಯಾರು, ಯಾವಾಗ ಬರೆದರು, ಯಾವ ಆಧಾರದ ಮೇಲೆ ಬರೆದರು ಎಂದು ಕೇಳಬೇಕಾಗಿದೆ. ನಾನು ಸಂಗೀತಗಾರಳಲ್ಲ. ಸಮಾಜ ವಿಜ್ಞಾನ ಕಲಿಸುವವಳು. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರ, ಈ ನಾಲ್ಕೂ ತಾಲೂಕುಗಳ ಹೈಸ್ಕೂಲುಗಳನ್ನು ವರ್ಗಾವಣೆಯ ಕಾಗದ ಹಿಡಿದುಕೊಂಡು ಸುತ್ತಿದವಳು. ಪ್ರತಿ ವರ್ಷ ಗ್ಯಾದರಿಂಗ್ ಬಂದಾಗ ಹುಡುಗಿಯರ ಪದ, ಕೋಲಾಟ, ನಾಟಕಗಳನ್ನು ನೋಡಿಕೊಳ್ಳುವ ಕೆಲಸ ಹೇಳದೆ ಕೇಳದೆ ನನ್ನ ಕೊರಳಿಗೇ ಬೀಳುತ್ತಿತ್ತು. ಬಿ.ಎಡ್. ಮಾಡಿದ ಹೆಣ್ಣುಮಗಳಿಗೆ ರಂಗೋಲಿಯಿಂದ ಹಿಡಿದು ರಾಗದವರೆಗೆ ಎಲ್ಲ ಬರಲೇಬೇಕು ಎಂದು ಇಲಾಖೆ ನಂಬಿಕೊಂಡಿದೆ.

ಒಂದು ಊರಿನ ಒಂದು ಶಾಲೆ. ಹೆಸರು ಬೇಡ, ಆ ಊರಿನ ಹೆಣ್ಣುಮಕ್ಕಳು ಇನ್ನೂ ಅಲ್ಲೇ ಬಾಳುವೆ ಮಾಡಬೇಕು. ಹತ್ತನೆಯ ಈಯತ್ತೆಯ ಒಬ್ಬ ಹುಡುಗಿಗೆ ಬೇಸ್ ಗಿಟಾರ್ ಬರುತ್ತಿತ್ತು. ಅವಳ ಸೋದರಮಾವ ಜಾತ್ರೆಗಳಲ್ಲಿ ರಸಮಂಜರಿ ಕಾರ್ಯಕ್ರಮ ಕೊಡುವ ಆರ್ಕೆಸ್ಟ್ರಾದಲ್ಲಿ ಅದನ್ನು ನುಡಿಸುತ್ತಿದ್ದ. ಕೀಬೋರ್ಡು ಬಂದ ಮೇಲೆ ಅದರ ಎಡಗೈ ಮನೆಗಳಲ್ಲೇ ಬೇಸ್ ಮುಗಿದುಹೋಗಿ ಅವನಿಗೆ ಕೆಲಸ ಉಳಿಯಲಿಲ್ಲ. ವಾದ್ಯ ಮನೆಯ ಗೋಡೆಗೆ ಬಂತು, ಗೋಡೆಯಿಂದ ಸೊಸೆಯ ಕೈಗೆ ಬಂತು. ಯಾರೋ ಮುಂಬಯಿಯಿಂದ ತಂದು ಮಾರಿದ ಹಳೆಯ ಮಾಲು. ಬಾಣದ ಮೊನೆಯ ಹಾಗೆ ಎರಡು ಕಡೆ ಸೀಳಿದ ಮೈ, ಕಪ್ಪು ಬಣ್ಣ. ಗ್ಯಾದರಿಂಗಿನ ಹಿಂದಿನ ದಿನದ ತಾಲೀಮಿನಲ್ಲಿ ಅವಳು ನಾಡಗೀತೆಗೆ ಅದನ್ನು ಎಷ್ಟು ಹಗುರವಾಗಿ ನುಡಿಸಿದಳೆಂದರೆ, ಹಾಡುವ ಹುಡುಗಿಯರೆಲ್ಲ ಮೊದಲ ಸಲ ಒಂದೇ ಲಯಕ್ಕೆ ಬಂದರು. ಆಗ ಊರಿನ ಹಿರಿಯರೊಬ್ಬರು ಒಳಗೆ ಬಂದರು. ನೋಡಿದರು. "ಅಕ್ಕೋರ, ಅದೇನು ಕೊಡ್ಲಿ ಹಿಡಕೊಂಡು ನಿಂದ್ರಿಸೀರಿ ಹುಡುಗೀನ? ಹೆಣ್ಣಿಗೆ ಶೋಭಾ ಬರೂದು ಏನರ ಕೊಡ್ರಿ" ಅಂದರು. ನಾನು ವಾದ ಮಾಡಿದೆ. ಸ್ವರ ಹೇಳಿದೆ, ಲಯ ಹೇಳಿದೆ. ಮುಖ್ಯಾಧ್ಯಾಪಕರು ನೆಲ ನೋಡಿದರು. ಮರುದಿನ ಆ ಹುಡುಗಿ ಸಾಲಿನಲ್ಲಿ ನಿಂತು ಬಾಯಿ ಆಡಿಸಿದಳು. ಅದಾದ ಎರಡು ತಿಂಗಳಿಗೆ ಅವಳ ಮಾವ ಅದನ್ನು ಸಿಕ್ಕಷ್ಟಕ್ಕೆ ಮಾರಿಬಿಟ್ಟ.

ಹಿರಿಯರು ಆಡಿದ ಮಾತಿನಲ್ಲಿ ನನ್ನನ್ನು ಚುಚ್ಚಿದ್ದು 'ಶೋಭಾ' ಎಂಬ ಶಬ್ದ. ಅವರು ಸ್ವರ ಕೇಳಲಿಲ್ಲ. ಆಕಾರ ನೋಡಿದರು. ಸರಿ, ಆಕಾರದ ಲೆಕ್ಕವನ್ನೇ ಮಾಡೋಣ.

ಬೇಸ್ ಗಿಟಾರ್ ಎಂದರೇನು ಎಂದು ತಿಳಿಯದ ಅಕ್ಕತಂಗಿಯರಿಗೆ ಎರಡು ಮಾತು. ನಿಮಗೆ ಗೊತ್ತಿಲ್ಲ ಎಂದುಕೊಂಡಿದ್ದೀರಿ, ಆದರೆ ನೀವು ಅದನ್ನು ನೂರು ಸಲ ಕೇಳಿದ್ದೀರಿ. 1981ರ 'ಗೀತಾ', 1983ರ 'ಪಲ್ಲವಿ ಅನುಪಲ್ಲವಿ', ಈ ಎರಡೂ ಚಿತ್ರಗಳ ಇಳಯರಾಜಾ ಅವರ ಹಾಡುಗಳನ್ನು ಗುನುಗದ ಹೆಣ್ಣುಮಕ್ಕಳು ನಮ್ಮ ವಯಸ್ಸಿನವರಲ್ಲಿ ಯಾರಿದ್ದಾರೆ? ಅಲ್ಲಿ ಹಾಡಿನ ಕೆಳಗೆ, ನೆಲಮಾಳಿಗೆಯಲ್ಲಿ ಯಾರೋ ನಡೆದಾಡಿದ ಹಾಗೆ ದುಂಡು ದುಂಡಾಗಿ ಸರಿದಾಡುವ ಒಂದು ದನಿ ಇದೆಯಲ್ಲ, ಅದೇ ಇದು. ಸಾಮಾನ್ಯ ಗಿಟಾರಿಗೆ ಆರು ತಂತಿ, ಇದಕ್ಕೆ ನಾಲ್ಕು. ಗಿಟಾರಿನ ಕೆಳಗಿನ ನಾಲ್ಕು ತಂತಿಗಳಿಗಿಂತ ಒಂದು ಸಪ್ತಕ ಕೆಳಗೆ. ತೀರ ದಪ್ಪ ತಂತಿಯನ್ನು ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಮಾತ್ರ ಕಂಪಿಸುತ್ತದೆ. ಕಿವಿಗಿಂತ ಎದೆಗೆ ಮೊದಲು ಮುಟ್ಟುವ ದನಿ.

ನಾಲ್ಕು ತಂತಿ ಎಂದ ಕೂಡಲೆ ನಿಮಗೆ ಏನು ನೆನಪಾಗಬೇಕು? ನಮ್ಮ ತಂಬೂರಿ! ಪಂಚಮ, ಎರಡು ಷಡ್ಜ, ಕೊನೆಗೆ ಖರ್ಜದ ಷಡ್ಜ. ಅದೂ ಹಿಂದೆ ಕೂಡುವ ವಾದ್ಯ, ಇದೂ ಹಿಂದೆ ನಿಲ್ಲುವ ವಾದ್ಯ. ಅದು ನುಡಿಯುತ್ತಿರುವಾಗ ಯಾರೂ ಗಮನಿಸುವುದಿಲ್ಲ, ನಿಂತಾಗ ಮಾತ್ರ ಮನೆಯ ನಡುಗಂಬ ಕಿತ್ತ ಹಾಗಾಗುತ್ತದೆ. ಇದರದೂ ಅದೇ ಗತಿ. ಎರಡರ ಕೆಲಸ ಒಂದೇ ಅಲ್ಲ, ಬೇಸ್ ತಾಳದ ಜೊತೆ ನಡೆಯುತ್ತದೆ, ತಂಬೂರಿ ಒಂದೇ ಕಡೆ ಕೂತು ಕೆರೆಯ ನೀರಿನ ಹಾಗೆ ತುಂಬಿಕೊಂಡಿರುತ್ತದೆ. ಆದರೆ ಎರಡೂ ಮತ್ತೊಬ್ಬರ ಹಾಡನ್ನು ಹೊತ್ತು ನಿಲ್ಲುವ ವಾದ್ಯಗಳು. ಹೊರುವ ಕೆಲಸ ಹೆಣ್ಣಿಗೆ ಶೋಭಿಸುವುದಿಲ್ಲ ಎಂದು ಈ ನಾಡಿನಲ್ಲಿ ಯಾರೂ ಯಾವತ್ತೂ ಹೇಳಿದ್ದನ್ನು ನಾನು ಕೇಳಿಲ್ಲ.

ಹಾಗಾದರೆ ಆಕಾರ ಯಾಕೆ ಬೇರೆ? ಇದಕ್ಕೆ ಕಾರಣ ವಿಜ್ಞಾನದ ಪಾಠದಲ್ಲಿದೆ. ತಂಬೂರಿಯ ತಂತಿ ತೆಳ್ಳಗೆ, ಅದು ತಾನಾಗಿ ಅಲುಗಿಸುವ ಗಾಳಿ ಅಷ್ಟರಲ್ಲೇ ಇದೆ. ಆದ್ದರಿಂದ ಕೆಳಗೆ ದೊಡ್ಡ ಸೋರೆಬುರುಡೆ ಬೇಕು. ಕುದುರೆಯ ಮೇಲೆ ತಂತಿಯ ಅಡಿಗೆ ಒಂದು ನೂಲಿನ ಎಳೆ ಸೇರಿಸಿದಾಗ ಹುಟ್ಟುವ ಝೇಂಕಾರ ಆ ಪೊಳ್ಳಿನಲ್ಲಿ ತುಂಬಿ ಹೊರಗೆ ಬರಬೇಕು. ಮೀರಜಿನ ಕುಶಲಿಗಳು ಆ ಬುರುಡೆಗಾಗಿ ಪಂಢರಪುರದ ಕಡೆಯ ಬಳ್ಳಿಗಳನ್ನು ಕಾಯುತ್ತಾರೆ. ಆ ಮನೆತನಗಳ ಹಿರಿಯರು ಕತ್ತಿ ಭರ್ಚಿಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರು. ಮೀರಜಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅಂದರೆ ನಾವು 'ಶೋಭಾ' ಎನ್ನುವ ತಂಬೂರಿ ಬಂದದ್ದು ಆಯುಧದ ಕೆಲಸ ಮಾಡುತ್ತಿದ್ದ ಕೈಗಳಿಂದಲೇ. ಕೊಡಲಿಯ ಮಾತಾಡಿದ ಆ ಹಿರಿಯರಿಗೆ ಇದನ್ನು ಹೇಳಬೇಕಿತ್ತು.

ವಿದ್ಯುತ್ ವಾದ್ಯದಲ್ಲಿ ಬುರುಡೆಯ ಗೊಡವೆಯೇ ಇಲ್ಲ. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ, ಅದಕ್ಕೆ ಸುತ್ತಿದ ತೆಳು ತಾಮ್ರದ ಸುರುಳಿ. ತಂತಿ ಅಲುಗಿದರೆ ಸುರುಳಿಯಲ್ಲಿ ವಿದ್ಯುತ್ತು ಅಲುಗುತ್ತದೆ, ಅದನ್ನು ಹಿಗ್ಗಿಸಿ ದನಿ ಮಾಡುವುದು ಹೊರಗಿರುವ ಪೆಟ್ಟಿಗೆ. ಮೈ ಹಲಗೆಯಾದರೂ ಸೈ, ಪೊಳ್ಳಾದರೂ ಸೈ. ಮೈಗೆ ಇದ್ದ ಕೆಲಸವೇ ತಪ್ಪಿಹೋದ ಮೇಲೆ ಅದು ಯಾವ ಆಕಾರವನ್ನು ಬೇಕಾದರೂ ತಾಳಬಹುದು. ನೌಕರಿಯಿಂದ ನಿವೃತ್ತಳಾದ ಹೆಣ್ಣುಮಗಳು ಮೊದಲ ಸಲ ತನಗೆ ಬೇಕಾದ ಬಣ್ಣದ ಸೀರೆ ಆರಿಸಿದ ಹಾಗೆ!

ಮೊದಲು ಅಲ್ಲಿಯವರು ಆಳೆತ್ತರದ ದೊಡ್ಡ ಪಿಟೀಲನ್ನು ನಿಲ್ಲಿಸಿಕೊಂಡು ಈ ಕೆಳದನಿ ತೆಗೆಯುತ್ತಿದ್ದರು. ಅದನ್ನು ಊರಿಂದೂರಿಗೆ ಒಯ್ಯುವುದು ಹೆಣ ಹೊತ್ತ ಹಾಗೆ. ಅಮೆರಿಕದ ಸಿಯಾಟಲ್ ಊರಿನಲ್ಲಿ ಪಾಲ್ ಟಟ್‌ಮಾರ್ಕ್ ಎಂಬ ಸಂಗೀತದ ಮೇಷ್ಟರು 1936ರ ಸುಮಾರಿಗೆ ಅದನ್ನು ಕುಗ್ಗಿಸಿ, ಗಿಟಾರಿನ ಹಾಗೆ ಅಡ್ಡ ಹಿಡಿಯುವಂತೆ ಮಾಡಿ ಅಯಸ್ಕಾಂತ ಕೂಡಿಸಿದರು. ಆಡಿಯೋವಾಕ್ಸ್ ಎಂದು ಹೆಸರು. ಅದನ್ನು ಜನರ ಮುಂದೆ ಮೊದಮೊದಲು ನುಡಿಸಿದವರಲ್ಲಿ ಅವರ ಹೆಂಡತಿ ಲೊರೇನ್ ಒಬ್ಬರು. ಓದುಗ ಗೆಳತಿಯರೇ, ಇದನ್ನು ಇನ್ನೊಮ್ಮೆ ಓದಿರಿ. ಗಂಡಸರ ವಾದ್ಯ ಎಂದು ನಮ್ಮವರು ಯಾವುದನ್ನು ಬೇಲಿ ಹಾಕಿ ಕಾಯುತ್ತಿದ್ದಾರೋ ಅದು ಹುಟ್ಟಿದ ಮನೆಯಲ್ಲೇ ಒಬ್ಬ ಹೆಂಗಸಿನ ಕೊರಳಿಗೆ ತೂಗಿತ್ತು.

ಅದು ಹೆಚ್ಚು ನಡೆಯಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಮಾಡಿದ್ದು ನಡೆಯಿತು. ತಂತಿಯ ಉದ್ದ 34 ಇಂಚು, ಮೈಗೆ ಎರಡು ಕೋಡು. ಇವತ್ತಿಗೂ ಹೆಚ್ಚಿನವು ಅದರದೇ ಮೊಮ್ಮಕ್ಕಳು. ಗಿಬ್ಸನ್ ಕಂಪನಿಗೆ ಮಾತ್ರ ಹಳೆಯ ಪಿಟೀಲಿನ ಮೋಹ ಬಿಡಲಿಲ್ಲ. 1953ರಲ್ಲಿ ಅವರು ಪಿಟೀಲಿನ ಆಕಾರದ ಬೇಸ್ ಮಾಡಿ, ನಿಲ್ಲಿಸಿಕೊಂಡು ನುಡಿಸಬೇಕೆನ್ನುವವರಿಗಾಗಿ ಕೆಳಗೆ ಒಂದು ಉದ್ದನೆಯ ಕಾಲನ್ನೂ ಕೊಟ್ಟರು. ಜರ್ಮನಿಯ ವಾಲ್ಟರ್ ಹಾಫ್ನರ್ 1955ರ ಹೊತ್ತಿಗೆ ಇನ್ನೊಂದು ಪಿಟೀಲು ಬೇಸ್ ಮಾಡಿದರು. ಒಳಗೆ ಪೊಳ್ಳು, ಹಗುರ, ತಂತಿಯುದ್ದ 30 ಇಂಚು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗಿನಲ್ಲಿ ಅದನ್ನು ಕೊಂಡದ್ದು ಅಗ್ಗ ಎಂಬ ಕಾರಣಕ್ಕೆ, ಮತ್ತೆ ಆತ ಎಡಚ. ಎರಡೂ ಮಗ್ಗಲು ಒಂದೇ ಸಮ ಇದ್ದ ಆ ಆಕಾರವನ್ನು ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣುತ್ತಿರಲಿಲ್ಲ. ಎಡಗೈಯವರನ್ನು ಹೊಡೆದು ಬಡಿದು ಬಲಗೈಗೆ ತಿರುಗಿಸುವ ನಮ್ಮ ಶಾಲೆಗಳಲ್ಲಿ ಈ ಕಥೆಯನ್ನು ಹೇಳಬೇಕು ಎಂದು ನನಗೆ ಯಾವಾಗಲೂ ಅನಿಸುತ್ತದೆ. 1972ರಲ್ಲಿ ಲಂಡನ್ನಿನಲ್ಲಿ ಕಳುವಾದ ಆ ವಾದ್ಯ ಐವತ್ತು ವರ್ಷ ದಾಟಿದ ಮೇಲೆ ಯಜಮಾನನ ಕೈಗೆ ಮರಳಿದ್ದು 2024ರಲ್ಲಿ ಜಗತ್ತಿಗೆ ತಿಳಿಯಿತು.

ಆಮೇಲೆ ಆಕಾರಗಳ ಜಾತ್ರೆಯೇ ನೆರೆಯಿತು. 1963ರಲ್ಲಿ ಗಿಬ್ಸನ್ನಿನವರು ಮೋಟಾರು ಗಾಡಿಗಳ ಮೈ ರೂಪಿಸುತ್ತಿದ್ದ ರೇ ಡೀಟ್ರಿಕ್ ಅವರ ಕೈಯಿಂದ ಥಂಡರ್‌ಬರ್ಡ್ ಮಾಡಿಸಿದರು. ಒಂದು ಕಡೆ ಓರೆಯಾಗಿ ಗಾಳಿಗೆ ತೂರಿಕೊಂಡಂಥ ಮೈ. 1966ರಲ್ಲಿ ಆಂಪೆಗ್ ಕಂಪನಿಯವರು ಮರದ ಮೈಯನ್ನು ಆಚೆಯಿಂದೀಚೆಗೆ ಕಾಣುವಂತೆ ಕೊರೆದು, ತಲೆಗೆ ಪಿಟೀಲಿನ ಸುರುಳಿ ಇಟ್ಟರು. ಅವರಿಗಾಗಿಯೇ ಡ್ಯಾನ್ ಆರ್ಮ್‌ಸ್ಟ್ರಾಂಗ್ 1969ರಲ್ಲಿ ಮಾಡಿದ್ದು ಗಾಜಿನಂತೆ ಪಾರದರ್ಶಕವಾದ ಅಕ್ರಿಲಿಕ್ ಮೈ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನೆಡ್ ಸ್ಟೈನ್‌ಬರ್ಗರ್ 1980ರ ಹೊತ್ತಿಗೆ ತಂದದ್ದು. ಕುರ್ಚಿ ಮೇಜು ರೂಪಿಸುತ್ತಿದ್ದ ಮನುಷ್ಯ. ತಲೆಯ ಭಾರಕ್ಕೆ ವಾದ್ಯ ಒಂದು ಕಡೆ ಜಗ್ಗುತ್ತದೆ ಎಂದು ತಲೆಯನ್ನೇ ತೆಗೆದರು! ಬಿರಡೆಗಳನ್ನು ಬುಡಕ್ಕೆ ತಂದರು, ಮರ ಬಿಟ್ಟು ಇಂಗಾಲದ ನಾರನ್ನು ಅಂಟಿನಲ್ಲಿ ಅದ್ದಿ ಮೈ ಮಾಡಿದರು. ನೋಡಲು ದೋಣಿಯ ಹುಟ್ಟು. ಜನ ನಕ್ಕರು, ಆಮೇಲೆ ಸಾಲುಗಟ್ಟಿ ಕೊಂಡರು. ಅದು ಬರೀ ಸೋಗಲ್ಲ, ಹೆಗಲ ನೋವಿಗೆ ಕೊಟ್ಟ ಮದ್ದು.

ಎಲ್ಲ ಆಕಾರಗಳನ್ನೂ ನಾನು ಹೊಗಳುತ್ತೇನೆ ಎಂದು ತಿಳಿಯಬೇಡಿ. ಕಿಸ್ ಎಂಬ ತಂಡದ ಜೀನ್ ಸಿಮನ್ಸ್ 1980ರ ಸುಮಾರಿಗೆ ಸಾಕ್ಷಾತ್ ಕೊಡಲಿಯ ಆಕಾರದ ಬೇಸನ್ನೇ ಮಾಡಿಸಿಕೊಂಡು ವೇದಿಕೆ ಏರಿದ. ಅದು ವಾದ್ಯ ಅಲ್ಲ, ಗಂಡಸಿನ ಮೀಸೆ. ಗಿಬ್ಸನ್ ಕಂಪನಿ 1958ರಲ್ಲಿ ಹೊರಡಿಸಿದ ಬಾಣದ ಬಾಲದಂಥ ಗಿಟಾರ್ ಇದೆಯಲ್ಲ, ಆಮೇಲೆ ಬೇಸಿಗೂ ಬಂದ ಆಕಾರ ಅದು, ಕೂತು ತೊಡೆಯ ಮೇಲೆ ಇಟ್ಟರೆ ಸರ್ರನೆ ಜಾರುತ್ತದೆ. ನಿಂತೇ ನುಡಿಸಬೇಕು, ಮೆರೆದೇ ನುಡಿಸಬೇಕು. ಅಡಿಗೆಮನೆಯ ಕೆಲಸ ಮುಗಿಸಿ ಪಡಸಾಲೆಯಲ್ಲಿ ಅರ್ಧ ತಾಸು ಕೂತು ಅಭ್ಯಾಸ ಮಾಡುವ ಹೆಣ್ಣುಮಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಅದನ್ನು ಯಾರೂ ರೂಪಿಸಲಿಲ್ಲ. ಇದು ನ್ಯಾಯವಾದ ದೂರು. ಆದರೆ ಆ ಹಿರಿಯರ ದೂರು ಇದಲ್ಲ. ಅವರಿಗೆ ನಮ್ಮ ಹುಡುಗಿಯ ಹೆಗಲು ನೋಯುತ್ತದೋ ಇಲ್ಲವೋ ಬೇಕಿರಲಿಲ್ಲ.

ಅವರ ಮೊದಲ ಆಕ್ಷೇಪ, ಇದು ಪರದೇಶದ್ದು. ಪೇಟಿ ಎಲ್ಲಿಯದು? ಫ್ರಾನ್ಸಿನಲ್ಲಿ 1840ರ ಸುಮಾರಿಗೆ ಪೇಟೆಂಟ್ ಆದದ್ದು. ಅದು ನಮ್ಮ ಸಂಗೀತಕ್ಕೆ ಒಗ್ಗದು ಎಂದು ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಬಾಗಿಲ ಹೊರಗೇ ನಿಲ್ಲಿಸಿತ್ತು. ಇವತ್ತು ಪೇಟಿ ಇಲ್ಲದೆ ನಮ್ಮ ಒಂದು ಭಜನಾ ಮಂಡಳಿ ನಡೆಯಲಿ ನೋಡೋಣ. ಪಿಟೀಲು ಎಲ್ಲಿಯದು? ಯುರೋಪಿನದು. ಅದನ್ನು ತಿರುಮಕೂಡಲಿನ ಚೌಡಯ್ಯನವರು ಏಳು ತಂತಿಯದಾಗಿ ಮಾಡಿದರು. ನಾಲ್ಕು ತಂತಿಯ ಪರದೇಶಿ ವಾದ್ಯದ ಮೈಯನ್ನು ಮುಟ್ಟಿ ಬದಲಾಯಿಸಿದ ಅವರನ್ನು ನಾವು ಬೈದೆವೋ? ಬೆಂಗಳೂರಿನಲ್ಲಿ 1980ರಲ್ಲಿ ಅವರ ಹೆಸರಿನ ಸಭಾಭವನವನ್ನೇ ಏಳು ತಂತಿಯ ಪಿಟೀಲಿನ ಆಕಾರದಲ್ಲಿ ಕಟ್ಟಿದೆವು. ಕಟ್ಟಡಕ್ಕೆ ವಾದ್ಯದ ಆಕಾರ ಬರಬಹುದು, ವಾದ್ಯಕ್ಕೆ ಬೇರೆ ಆಕಾರ ಬರಬಾರದು, ಇದು ಯಾವ ಊರ ನ್ಯಾಯ?

ಪರದೇಶದ ಮಾತು ಬಂತೆಂದು ಹೇಳುತ್ತೇನೆ. ಸವಣೂರಿನ ದೊಡ್ಡಹುಣಸೆ ಮಠಕ್ಕೆ ಹೋಗಿ ನೋಡಿ. ಅಲ್ಲಿಯ ದೊಡ್ಡ ಹುಣಸೆ ಮರಗಳು ಹುಣಸೆಯೂ ಅಲ್ಲ, ಈ ದೇಶದವೂ ಅಲ್ಲ. ಆಫ್ರಿಕಾ ಮೂಲದ ಬಾವೊಬಾಬ್. ಆನೆಯ ಕಾಲಿನಂಥ ಬುಡ, ಬೇರು ಮೇಲಾಗಿ ನೆಟ್ಟಂಥ ಟೊಂಗೆ. ಇಷ್ಟು ವಿಚಿತ್ರ ಆಕಾರದ ಪರದೇಶಿ ಮರಕ್ಕೆ ನಮ್ಮ ಜನ ಕೈಮುಗಿಯುತ್ತಾರೆ. 2023ರ ಮಳೆಗಾಲದಲ್ಲಿ ಒಂದು ಮರ ಉರುಳಿದಾಗ ಮನೆಯ ಹಿರಿಯರು ಬಿದ್ದಷ್ಟು ಸಂಕಟಪಟ್ಟು ಎತ್ತಿ ನಿಲ್ಲಿಸಿದರು. ನಾನು ಅಲ್ಲಿ ಪಾಠ ಹೇಳುತ್ತಿದ್ದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ಆ ಬುಡವನ್ನು ಅಪ್ಪಿಸಿದ್ದೇನೆ. ಎಷ್ಟು ಮಕ್ಕಳು ಕೈಕೈ ಹಿಡಿದರೂ ಸಾಲುತ್ತಿರಲಿಲ್ಲ.

ಎರಡನೆಯ ಆಕ್ಷೇಪ, ಸರಸ್ವತಿಯ ಕೈಯಲ್ಲಿ ಇರುವುದು ವೀಣೆ, ಗಿಟಾರ್ ಅಲ್ಲ. ಇದನ್ನು ಹೇಳಿದವರು ಪದವೀಧರರು, ಅದಕ್ಕೇ ಸಿಟ್ಟು ಹೆಚ್ಚು. ನಮ್ಮ ಕಣ್ಣಲ್ಲಿ ಕೂತಿರುವ ಸರಸ್ವತಿ ರಾಜಾ ರವಿವರ್ಮನ ಚಿತ್ರದಿಂದ ಕ್ಯಾಲೆಂಡರಿಗೆ ಬಂದು, ಕ್ಯಾಲೆಂಡರಿನಿಂದ ಗೋಡೆಗೆ ಬಂದವಳು. ಅವಳ ಕೈಯ ವೀಣೆ ಈಗಿನ ರೂಪಕ್ಕೆ ನಿಂತದ್ದು ತಂಜಾವೂರಿನಲ್ಲಿ, ಹದಿನೇಳನೆಯ ಶತಮಾನದಲ್ಲಿ, ರಘುನಾಥ ನಾಯಕನ ಕಾಲದಲ್ಲಿ ಎನ್ನುತ್ತಾರೆ. ಅದಕ್ಕಿಂತ ಹಿಂದಿನ ಗುಡಿಗಳ ಗೋಡೆ ನೋಡಿ. ಅಲ್ಲಿಯ ವೀಣೆ ಒಂದು ಕೋಲು, ಅದಕ್ಕೆ ಕಟ್ಟಿದ ಬುರುಡೆ, ಅಷ್ಟೆ. ಅಂದಮೇಲೆ ಸರಸ್ವತಿಯೇ ಕಾಲಕ್ಕೆ ತಕ್ಕ ವಾದ್ಯ ಬದಲಾಯಿಸಿದಳು. ಬೇಲೂರಿನ ಮದನಿಕೆಯರಲ್ಲಿ ಡೋಲು ಬಾರಿಸುವವರೂ ಇದ್ದಾರೆ. ಕಲ್ಲಿನ ಹೆಣ್ಣು ಡೋಲು ಬಾರಿಸಿದರೆ ಶಿಲ್ಪಕಲೆ, ಜೀವಂತ ಹೆಣ್ಣು ಬಾರಿಸಿದರೆ ಹುಬ್ಬುಗಂಟು!

ನಿಜವಾದ ಆಕ್ಷೇಪ ಇವೆರಡೂ ಅಲ್ಲ, ಮೂರನೆಯದು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹತ್ತು ಜನರ ಮುಂದೆ ವಾದ್ಯ ಹಿಡಿದು ನಿಂತ ಹೆಣ್ಣು ಎಂಥವಳು ಎಂಬ ಹಳೆಯ ಸಂಶಯ ಅದು. ಇದರ ಬೇರು ಬೇಸ್ ಗಿಟಾರಿಗಿಂತ ಬಹಳ ಆಳದಲ್ಲಿದೆ.

ಚೌಡಿಕೆಯನ್ನು ನೋಡಿದ್ದೀರಾ? ಎಲ್ಲಮ್ಮನ ಜೋಗತಿಯರ ವಾದ್ಯ. ಕೊಳಗದಂಥ ಪೊಳ್ಳು ಮೈ, ಒಂದು ಬಾಯಿಗೆ ಚರ್ಮ, ಆ ಚರ್ಮದ ನಡುವಿನಿಂದ ಹೊರಟ ಒಂದೇ ಒಂದು ತಂತಿ. ಕಂಕುಳಲ್ಲಿ ಅವುಚಿಕೊಂಡು, ತಂತಿಯನ್ನು ಬಿಗಿ ಸಡಿಲ ಮಾಡುತ್ತ ಮೀಟಿದರೆ 'ಘುಂವ್' ಎಂದು ಏಳುವ ಕೆಳದನಿ. ನನ್ನನ್ನು ಕೇಳಿದರೆ ನಮ್ಮ ಸೀಮೆಯ ಬೇಸ್ ಅದೇ. ಆಕಾರದಲ್ಲಿ ಅದಕ್ಕಿಂತ ವಿಚಿತ್ರವಾದದ್ದನ್ನು ಗಿಬ್ಸನ್ನಿನವರೂ ಮಾಡಿಲ್ಲ. ಆ ವಾದ್ಯ ಹಿಡಿದ ಹೆಣ್ಣುಮಕ್ಕಳ ಪದ ಕೇಳಿ ಊರು ಜೋಳ ನೀಡಿತು, ಅದೇ ಹೆಣ್ಣುಮಕ್ಕಳನ್ನು ಊರು ಹಾಳು ಮಾಡಿತು. ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ ಬಂದದ್ದು 1982ರಲ್ಲಿ, ನಾನು ಇನ್ನೂ ಶಾಲೆಯ ಹುಡುಗಿ. ಕಾಯ್ದೆ ಬರಬೇಕಾಗಿತ್ತು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಕಳಂಕವನ್ನು ಮಾಡಿದ ಗಂಡಸರಿಗೆ ಅಂಟಿಸದೆ ಹೆಣ್ಣಿನ ಕೈಯ ವಾದ್ಯಕ್ಕೆ ಅಂಟಿಸಿ ಬಿಟ್ಟೆವಲ್ಲ, ಅದು ಯಾವ ಕಾಯ್ದೆಯಿಂದಲೂ ಹೋಗಲಿಲ್ಲ. ಜೋಗತಿ ಪರಂಪರೆಯ ಮಂಜಮ್ಮನವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟಿದ ಕೈಗಳೇ ಮನೆಯ ಮಗಳ ಕೈಯಿಂದ ವಾದ್ಯ ಕಿತ್ತುಕೊಳ್ಳುತ್ತವೆ.

ಹಾನಗಲ್ಲಿನ ಹೆಸರು ಹೊತ್ತು ಜಗತ್ತು ಸುತ್ತಿದ ಗಂಗೂಬಾಯಿಯವರನ್ನು ನೆನೆಯಿರಿ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದವರು. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಿದ ಆ ಹುಡುಗಿಗೆ ಹಾಡಿನ ಭಯ ಇರಲಿಲ್ಲ. ಜಾತಿಯ ಕಾರಣಕ್ಕೆ ಊಟದ ಪಂಕ್ತಿಯಲ್ಲಿ ತನ್ನನ್ನು ಎಲ್ಲಿ ಕೂಡಿಸುತ್ತಾರೋ ಎಂಬ ಭಯ ಇತ್ತು. ಬೀದಿಯಲ್ಲಿ ನಡೆದರೆ ಗಾನೇವಾಲಿ ಎಂದು ಹಂಗಿಸುತ್ತಿದ್ದರು. ಅವರ ದನಿ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಭಾರವಾಯಿತು. ಹೆಣ್ಣಿನ ದನಿ ಹೀಗಿರುತ್ತದೆಯೇ ಎಂದು ಕೇಳಿದವರು ಕಡಿಮೆಯೇ? ಹೆಣ್ಣಿನ ದನಿಗೂ ಒಂದು ಆಕಾರ ಗೊತ್ತುಮಾಡಿ ಇಟ್ಟಿದ್ದರಲ್ಲ, ಅದನ್ನು ಅವರು ಮುರಿದರು. ಕೆಳಸ್ವರದ ಆ ಘನತೆಗೆ 2002ರಲ್ಲಿ ಪದ್ಮವಿಭೂಷಣ ಬಂತು. ಅವರು 2009ರಲ್ಲಿ ತೀರಿಕೊಂಡರು. ಮಗಳು ಕೃಷ್ಣಾ ಹಾನಗಲ್ಲ ಅವರು ತಾಯಿಯ ಹಿಂದೆ ಕೂತು ದನಿಗೂಡಿಸಿದ ವರ್ಷಗಳೆಷ್ಟು! ತಾಯಿಯ ಹೆಸರು ಎಲ್ಲರ ಬಾಯಲ್ಲಿ, ಮಗಳ ಹೆಸರು ಬಲ್ಲವರ ಬಾಯಲ್ಲಿ ಮಾತ್ರ.

ಇದೇ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು ಇಬ್ಬರಿಗೂ ಕಣ್ಣಿರಲಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜರು ಪೇಟಿ, ತಬಲಾ, ಪಿಟೀಲು, ಸಾರಂಗಿ ಎಂದು ಕೈಗೆ ಸಿಕ್ಕ ವಾದ್ಯವನ್ನೆಲ್ಲ ಪಳಗಿಸಿದರು. ವಾದ್ಯ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬ ಪ್ರಶ್ನೆಯೇ ಅಲ್ಲಿ ಹುಟ್ಟಲಿಲ್ಲ, ಕೈಗೆ ಹೇಗೆ ಸಿಗುತ್ತದೆ, ಕಿವಿಗೆ ಹೇಗೆ ಕೇಳುತ್ತದೆ ಎಂಬುದಷ್ಟೇ ಪ್ರಶ್ನೆ. ಶಿಗ್ಗಾಂವ ತಾಲೂಕಿನ ಶಿಶುನಾಳದ ಶರೀಫರು ತಂಬೂರಿಯ ಮೇಲೆ ಪದ ಕಟ್ಟಿದಾಗಲೂ ಸಿಟ್ಟು ಮಾಡಿದ್ದು ಸ್ವರ ತಿಳಿಯದೆ ಬಾರಿಸುವವರ ಮೇಲೆ, ಬುರುಡೆಯ ಮೇಲಲ್ಲ. ಆ ಪದವನ್ನು ವೇದಿಕೆಯ ಮೇಲೆ ತಲೆದೂಗಿ ಕೇಳುವ ಹಿರಿಯರು ವೇದಿಕೆ ಇಳಿದ ಮೇಲೆ ಇದನ್ನು ಮರೆಯುತ್ತಾರೆ.

ತಂಬೂರಿ ಬದಲಾಗಿಲ್ಲ ಎಂದು ಬೇರೆ ಹೇಳುತ್ತಾರೆ. ಗಂಡಸರ ತಂಬೂರಿ ದೊಡ್ಡದು, ಹೆಂಗಸರದು ಚಿಕ್ಕದು ಎಂದು ಅಳತೆ ಬದಲಾದದ್ದು ಹಳೆಯ ಮಾತು. 1979ರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಂಬ ಎಂಜಿನಿಯರು, ಸ್ವತಃ ಕೊಳಲು ನುಡಿಸುವವರು, ವಿದ್ಯುತ್ ತಂಬೂರಿ ಮಾಡಿದರು. ಬುರುಡೆ ಹೋಯಿತು, ತಂತಿ ಹೋಯಿತು, ಉಳಿದದ್ದು ಒಂದು ಡಬ್ಬಿ. ಈಗ ಆ ಡಬ್ಬಿಯೂ ಹೋಗಿ ಮೊಬೈಲಿನೊಳಗೆ ತಂಬೂರಿ ಕೂತಿದೆ. ದೇವರ ಜಗಲಿಯ ಮುಂದೆ ಮೊಬೈಲಿನ ತಂಬೂರಿಗೆ ಭಜನೆ ನಡೆಯುತ್ತದೆ, ಯಾರೂ ಶೋಭೆಯ ಮಾತೆತ್ತುವುದಿಲ್ಲ. ನನಗೆ ಇದರಲ್ಲಿ ಸ್ವಲ್ಪ ನೋವೂ ಇದೆ. ಗಿಟಾರಿನ ಮೈಗೆ ಕೆಲಸ ತಪ್ಪಿದಾಗ ಅಲ್ಲಿಯವರು ಅದಕ್ಕೆ ನೂರು ಹೊಸ ಮೈ ಕೊಟ್ಟರು, ಹಿಡಿಯುವ ಮನುಷ್ಯ ಉಳಿದ. ನಮ್ಮಲ್ಲಿ ತಂಬೂರಿಯ ಮೈ ಹೋದಾಗ ಅದರ ಹಿಂದೆ ಕೂತಿದ್ದ ಹೆಣ್ಣುಮಗಳೂ ಎದ್ದುಹೋದಳು. ಹೋದದ್ದು ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಕರಪತ್ರದಲ್ಲಿ ಅವಳ ಹೆಸರು ಮೊದಲೂ ಇರುತ್ತಿರಲಿಲ್ಲ.

ಬೇಸ್ ನುಡಿಸಿದ ಹೆಣ್ಣುಮಕ್ಕಳು ಇದ್ದಾರೆಯೇ ಎಂದು ಕೇಳುವವರಿಗೆ: 1935ರಲ್ಲಿ ಹುಟ್ಟಿದ ಕ್ಯಾರೋಲ್ ಕೇ, ಲಾಸ್ ಏಂಜಲೀಸಿನಲ್ಲಿ ಒಂದು ಧ್ವನಿಮುದ್ರಣಕ್ಕೆ ಬೇಸ್ ನುಡಿಸುವವನು ಬರಲಿಲ್ಲವೆಂದು 1963ರಲ್ಲಿ ಅದನ್ನು ಕೈಗೆತ್ತಿಕೊಂಡರು, ಆಮೇಲೆ ಕೆಳಗಿಡಲಿಲ್ಲ. ಅಮೆರಿಕದ ಎಷ್ಟೋ ಹೆಸರಾಂತ ಹಾಡುಗಳ ಕೆಳದನಿ ಅವರದು, ತಟ್ಟೆಯ ಮೇಲೆ ಹೆಸರು ಬೇರೆಯವರದು. ಸೂಜಿ ಕ್ವಾಟ್ರೊ, ಟೀನಾ ವೇಮತ್ ಆಮೇಲಿನವರು. ಅಷ್ಟು ದೂರ ಯಾಕೆ? ಮುಂಬಯಿಯ ಮೋಹಿನಿ ಡೇ, 1996ರಲ್ಲಿ ಹುಟ್ಟಿದ ಹುಡುಗಿ, ತಂದೆಯ ಕೈಯಲ್ಲೇ ಕಲಿತು ಎ.ಆರ್. ರೆಹಮಾನರ ಜೊತೆಗೂ ವಿದೇಶದ ದೊಡ್ಡ ದೊಡ್ಡ ಗಿಟಾರ್ ವಾದಕರ ಜೊತೆಗೂ ನುಡಿಸುತ್ತಿದ್ದಾಳೆ. ತಂದೆಯ ಕೈಯಲ್ಲಿ ಎಂಬುದನ್ನು ನಮ್ಮ ಊರಿನ ತಂದೆಯರು, ಸೋದರಮಾವಂದಿರು ಗಮನಿಸಬೇಕು. ನಾನು ಹೇಳಿದ ಆ ಮಾವನಿಗೆ ಕಲಿಸುವ ಮನಸ್ಸಿತ್ತು. ಊರಿನ ಬಾಯಿಗೆ ಹೆದರಿದ.

ಈ ಬಾರಿ ನಿಮ್ಮ ಮಗಳೋ ಮೊಮ್ಮಗಳೋ ಬೇಸ್ ಗಿಟಾರ್ ಬೇಕೆಂದರೆ ಹುಬ್ಬಳ್ಳಿಯ ಅಂಗಡಿಗೆ ನೀವೇ ಜೊತೆಗೆ ಹೋಗಿ. ತಂತಿಯುದ್ದ 34 ಇಂಚಿನದಲ್ಲದೆ 30 ಇಂಚಿನದೂ ಸಿಗುತ್ತದೆ, ಸಣ್ಣ ಕೈಗೆ ಅದು ಅನುಕೂಲ, ತರಿಸಿಕೊಡಲು ಹೇಳಿ. ಕೊರಳಿಗೆ ಹಾಕಿಸಿ, ಎರಡೂ ಕೈ ಬಿಡಿಸಿ ನೋಡಿ. ತಲೆಯ ಕಡೆ ಕೆಳಗೆ ಜಗ್ಗಿದರೆ ಬೇಡ ಅನ್ನಿ. ಸಾಮಾನ್ಯವಾಗಿ ನಾಲ್ಕು ಕಿಲೋ ತೂಗುತ್ತದೆ, ಪಟ್ಟಿ ಅಗಲವಾದದ್ದನ್ನೇ ಕೊಳ್ಳಿ. ಆಮೇಲೆ ಅಂಗಡಿಯ ಸ್ಟೂಲಿನ ಮೇಲೆ ಕೂಡಿಸಿ ತೊಡೆಯ ಮೇಲೆ ಇಡಿಸಿ, ಜಾರುತ್ತದೋ ಇಲ್ಲವೋ ಎಂದು ಹತ್ತು ನಿಮಿಷ ನೋಡಿ. ಅಂಗಡಿಯವನು "ಅವ್ವಾರ, ಹುಡುಗಿಗೆ ಅಂದ್ರ ಈ ಗುಲಾಬಿ ಬಣ್ಣದ್ದು ಒಯ್ಯಿರಲಾ" ಎಂದರೆ, ಬಣ್ಣ ಅವಳನ್ನೇ ಕೇಳಪಾ ಅನ್ನಿ.